ಆಟದಲ್ಲಿ ಅಳಲಿ, ಸಿನಿಮಾ ನೋಡಿ ಸಿಟ್ಟಾಗಲಿ

ಸಿನಿಮಾ ಮುಗಿದ ಕೂಡಲೇ ಮಗುವನ್ನು ಹಿಡಿದು ನಿಲ್ಲಿಸಿ "ಇದರಿಂದ ಏನು ಕಲಿತೆ ಹೇಳು" ಎಂದು ಕೇಳುವ ಅಭ್ಯಾಸ ನಿಮಗಿದ್ದರೆ ಮೊದಲು ಅದನ್ನು ಬಿಡಿ. ಆ ಪ್ರಶ್ನೆ ಬಿದ್ದ ಕ್ಷಣವೇ ಮಗು ಸಿನಿಮಾದಿಂದ ಎದ್ದು ಬಂದು ಪರೀಕ್ಷೆಗೆ ಕೂತುಬಿಡುತ್ತದೆ. "ಸುಳ್ಳು ಹೇಳಬಾರದು, ಎಲ್ಲರಿಗೂ ಸಹಾಯ ಮಾಡಬೇಕು" ಅನ್ನುತ್ತದೆ. ನಮಗೆ ಬೇಕಾದ ಉತ್ತರ ಯಾವುದೆಂದು ಅದಕ್ಕೆ ಚೆನ್ನಾಗಿ ಗೊತ್ತು. ಆದರೆ ಅರ್ಧ ಗಂಟೆ ಮೊದಲು ಅದೇ ಮಗು ತುಟಿ ಕಚ್ಚಿಕೊಂಡು, ಲಂಗದ ಅಂಚು ತಿರುಚುತ್ತಾ ಕೂತಿತ್ತಲ್ಲ, ಆಗ ಅದರ ಒಳಗೆ ಏನು ನಡೆಯುತ್ತಿತ್ತು ಎನ್ನುವುದು ನಮಗೆ ತಿಳಿಯದೇ ಹೋಗುತ್ತದೆ.

ನಾನು ತೀರ್ಥಹಳ್ಳಿ ತಾಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನದು ನಲಿ-ಕಲಿ ಕೋಣೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ಕೂರುತ್ತಾರೆ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್ ಕಳೆದ ಮೇಲೆ. ಅಷ್ಟು ದಿನ ಆಟದ ಬಯಲಿಗೆ ಕಾಲಿಡುವ ಹಾಗಿಲ್ಲ, ಜಗಲಿಯೇ ಗತಿ. ಆ ಜಗಲಿಯಲ್ಲಿ ಆಡಿಸಿದ್ದು, ಹಳೆ ವಿದ್ಯಾರ್ಥಿಗಳು ಕೊಡಿಸಿದ ಟಿವಿಯಲ್ಲಿ ತೋರಿಸಿದ್ದು, ಇವೆರಡರಿಂದ ನನಗೆ ಸಿಕ್ಕ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮನೆಯಲ್ಲಿ ಒಂದೇ ಮಗು ಇದ್ದರೂ ಇದರಲ್ಲಿ ಹೆಚ್ಚಿನದನ್ನು ಮಾಡಬಹುದು.

ಎಲ್ಲದಕ್ಕಿಂತ ಮೊದಲು ಒಂದು ಮಾತು. ಮಗು ತನ್ನ ಸಂಕಟವನ್ನು ತನ್ನದು ಅಂತ ಹೇಳಿಕೊಳ್ಳುವುದು ಕಷ್ಟ. ಗೊಂಬೆಯದ್ದು, ಕರುವಿನದ್ದು, ಸಿನಿಮಾದ ಹುಡುಗನದ್ದು ಅಂತಾದರೆ ಸಲೀಸಾಗಿ ಹೇಳುತ್ತದೆ. ದೊಡ್ಡವರ ಕೆಲಸ ಆ ಮರೆಯನ್ನು ಕಾಯುವುದು. "ಗೊಂಬೆಗೆ ಹೆದರಿಕೆ ಆಗ್ತಿದೆ" ಎಂದ ಮಗುವಿಗೆ "ಅಂದ್ರೆ ನಿಂಗೆ ತಾನೇ ಹೆದರಿಕೆ?" ಎಂದಿರೋ, ಮಾತು ಅಲ್ಲಿಗೆ ನಿಂತಿತು. "ಹೌದಾ? ಗೊಂಬೆಗೆ ಯಾವಾಗ ಜಾಸ್ತಿ ಆಗುತ್ತೆ?" ಎಂದು ಕೇಳಿ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮುಖ ಮಾಡಿಸಬೇಡಿ, ನಡೆಸಿ

ಬೇರೆ ಬೇರೆ ಭಾವದ ಮುಖಗಳಿರುವ ಬಣ್ಣದ ಚಾರ್ಟು ಈಗ ಎಲ್ಲ ಕಡೆ ಸಿಗುತ್ತದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. "ಸಿಟ್ಟಿನ ಮುಖ ಮಾಡಿ" ಅಂದರೆ ಎಲ್ಲ ಮಕ್ಕಳೂ ಒಂದೇ ರೀತಿ ಹುಬ್ಬು ಗಂಟಿಕ್ಕುತ್ತಾರೆ. ನಿಜವಾಗಿ ಸಿಟ್ಟು ಬಂದಾಗ ಅವರಲ್ಲಿ ಒಬ್ಬ ಊಟ ಬಿಡುತ್ತಾನೆ, ಒಬ್ಬಳು ಪಾಟಿಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಲ್ಲುತ್ತಾಳೆ, ಇನ್ನೊಬ್ಬ ಸುಮ್ಮನೆ ನಗುತ್ತಾನೆ. ಇವು ಯಾವುವೂ ಚಾರ್ಟಿನಲ್ಲಿಲ್ಲ.

ಹಾಗಾಗಿ ನಾನು ನಡೆಸುತ್ತೇನೆ. ಎಲ್ಲರೂ ಸುತ್ತಾಗಿ ನಡೆಯುತ್ತಿರಬೇಕು. ನಾನು ಮೇಜು ಬಡಿಯುತ್ತಾ ಒಂದೊಂದು ಸನ್ನಿವೇಶ ಹೇಳುತ್ತೇನೆ. ದೊಡ್ಡ ನಾಯಿ ಇರುವ ಮನೆ ಮುಂದೆ ಹಾದು ಹೋಗಬೇಕು. ನಾಳೆ ಜಾತ್ರೆ, ಅಪ್ಪ ಇವತ್ತು ಸಂಜೆ ಹೊಸ ಅಂಗಿ ತರುತ್ತಾರೆ. ಹೊಸ ಛತ್ರಿಯನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೀಯ, ಮನೆ ಹತ್ತಿರ ಬರ್ತಾ ಇದೆ. ಗೆಳತಿಗೆ ಬಹುಮಾನ ಬಂತು, ನಿನಗೆ ಬರಲಿಲ್ಲ, ಈಗ ಅವಳ ಜೊತೆಯಲ್ಲೇ ಮನೆವರೆಗೂ ನಡೀಬೇಕು. ಬಡಿತ ನಿಲ್ಲಿಸಿ "ಸ್ಟ್ಯಾಚ್ಯೂ!" ಎಂದ ಕೂಡಲೇ ಇದ್ದ ಹಾಗೇ ನಿಲ್ಲಬೇಕು. ಆಗ ಕೇಳುವುದು ಒಂದೇ: "ಮೈಯಲ್ಲಿ ಎಲ್ಲಿ ಬಿಗಿ ಆಗಿದೆ?"

ಕತ್ತು, ಹೊಟ್ಟೆ, ಅಂಗೈ ಎಂದೆಲ್ಲ ಹೇಳುತ್ತಾರೆ. ಛತ್ರಿ ಕಳೆದುಕೊಂಡ ನಡಿಗೆಯಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು "ಕಾಲು ಮನೆಗೆ ಬರಲ್ಲ ಅಂತಿದೆ ಮಿಸ್" ಅಂದಳು. ಇಂಥ ಮಾತು ಬಂದಮೇಲೆಯೇ ಹೆಸರು ಕೊಡಬೇಕು. ಅದೂ ಒಂದೇ ಹೆಸರು ಹೇರಬಾರದು, ಎರಡು ಮೂರು ಮುಂದಿಡಬೇಕು: "ಹೆದರಿಕೆನಾ, ನಾಚಿಕೆನಾ, ಇಲ್ಲ ಅಯ್ಯೋ ಅನ್ನಿಸ್ತಿದೆಯಾ?" ಮಗು ಆರಿಸಿಕೊಳ್ಳಲಿ, ಅಥವಾ "ಯಾವ್ದೂ ಅಲ್ಲ" ಎನ್ನಲಿ. ಗೆಳತಿಯ ಬಹುಮಾನದ ನಡಿಗೆಯನ್ನು ತಪ್ಪದೆ ಮಾಡಿಸಿ. ಹೊಟ್ಟೆಕಿಚ್ಚು ತನಗೊಬ್ಬಳಿಗೇ ಆಗುವ ಕೆಟ್ಟ ವಿಷಯ ಎಂದುಕೊಂಡ ಮಗು, ಇಡೀ ಜಗಲಿಯೇ ಕಾಲೆಳೆದುಕೊಂಡು ನಡೆಯುವುದನ್ನು ಕಂಡರೆ ಅದರ ಭುಜ ಸಡಿಲವಾಗುತ್ತದೆ.

ಪುಣ್ಯಕೋಟಿಯನ್ನು ಆಡಿಸುವುದು

ಗೋವಿನ ಹಾಡು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಸತ್ಯದ ಪಾಠ ಎಂದು ಅದನ್ನು ಎಲ್ಲರೂ ಹೇಳಿಕೊಟ್ಟಿರುತ್ತಾರೆ. ಅದನ್ನು ಸ್ವಲ್ಪ ಬದಿಗಿಟ್ಟು ಆಡಿಸಿ ನೋಡಿ. ಅಷ್ಟೊಂದು ಭಾವಗಳು ಒಂದೇ ಕಡೆ ಸಿಗುವ ಕಥೆ ಇನ್ನೊಂದಿಲ್ಲ: ಹುಲಿಯ ಹಸಿವು, ಹಸುವಿನ ದಿಗಿಲು, ಕರುವಿನ ಅಳು, ಕರುವನ್ನು ಒಪ್ಪಿಸಿಕೊಳ್ಳುವ ಉಳಿದ ಹಸುಗಳ ಸಂಕಟ, ಕೊನೆಗೆ ಹುಲಿಯ ನಾಚಿಕೆ.

ಪಾತ್ರ ಹಂಚುವಾಗ ಎಲ್ಲರಿಗೂ ಹುಲಿಯೇ ಬೇಕು. ಕೊಡಿ. ನಾಲ್ಕು ಹುಲಿಗಳಾದರೂ ತೊಂದರೆಯಿಲ್ಲ. ಆದರೆ ಪಾತ್ರ ಬದಲಾಯಿಸಿ ಆಡಿಸಬೇಕು. ಈಗ ಗರ್ಜಿಸಿದವನು ಮುಂದಿನ ಸಲ ಕರುವಾಗಬೇಕು. ಸಂಭಾಷಣೆ ಬರೆದುಕೊಡಬೇಡಿ. ಹಾಡಿನ ಎಳೆ ಗೊತ್ತಿದ್ದರೆ ಸಾಕು, ಮಾತು ಅವರೇ ಕಟ್ಟುತ್ತಾರೆ. ನೀವು ನಡುನಡುವೆ ಪಾತ್ರವನ್ನು ನಿಲ್ಲಿಸಿ ಮಾತಾಡಿಸಿ. "ಹುಲಿರಾಯ, ಹಸು ವಾಪಸ್ ಬರಲ್ಲ ಅಂತ ಅನ್ನಿಸ್ತಾ ಇದೆಯಾ?" "ಅಕ್ಕಪಕ್ಕದ ಹಸುಗಳೇ, ನಿಮ್ಮ ಕರುವಿಗೇ ಹಾಲು ಸಾಲದಿದ್ದರೆ ಏನ್ಮಾಡ್ತೀರಿ?" ಈ ಎರಡನೇ ಪ್ರಶ್ನೆಗೆ ನನ್ನ ಮಕ್ಕಳು ಜಗಳವನ್ನೇ ಆಡಿದ್ದಾರೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ತಾಯಿ ಕೇಳಿಕೊಳ್ಳುವ ಮಾತಿನ ಭಾರ ಆಮೇಲೆ ಅವರಿಗೆ ತಾನಾಗಿ ಗೊತ್ತಾಗುತ್ತದೆ.

ಒಂದು ಸಲ ಕರುವಾಗಿದ್ದ ಎರಡನೇ ತರಗತಿಯ ಹುಡುಗ ಪುಣ್ಯಕೋಟಿಯಾದ ಹುಡುಗಿಯ ಜಡೆಯ ತುದಿ ಹಿಡಿದುಕೊಂಡ, ಬಿಡಲೇ ಇಲ್ಲ. ಅವನ ತಾಯಿ ಆ ವರ್ಷ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದರು, ಹುಡುಗ ಅಜ್ಜಿ ಮನೆಯಲ್ಲಿದ್ದ. ಹುಲಿಗಳಿಗೆ ಅವಸರ, "ಬಿಡೋ, ಲೇಟಾಯ್ತು" ಅಂತ ಕೂಗುತ್ತಿದ್ದವು. ನಾನು "ಅಮ್ಮನ ನೆನಪಾಯ್ತಾ ಪುಟ್ಟ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹುಲಿಗಳ ಕಡೆ ತಿರುಗಿ "ಹುಲಿಗಳು ಇನ್ನೂ ಸ್ವಲ್ಪ ಕಾಯಬೇಕು, ಕರುವಿನ ಮಾತು ಮುಗಿದಿಲ್ಲ" ಎಂದೆ. ಹುಲಿಗಳು ಕುಕ್ಕರುಗಾಲಲ್ಲಿ ಕೂತವು. ಕರು ಬಹಳ ಹೊತ್ತು ಸುಮ್ಮನಿದ್ದು, "ಹೋಗೋದಾದ್ರೆ ಹೇಳಿ ಹೋಗು, ಮಲಗಿದ್ದಾಗ ಹೋಗ್ಬೇಡ" ಎಂದಿತು. ಹಾಡಿನಲ್ಲಿ ಇಲ್ಲದ ಮಾತು ಅದು. ಪುಣ್ಯಕೋಟಿಯಾಗಿದ್ದವಳು, ಅವಳಿಗೂ ಏಳೇ ವರ್ಷ, ಅವನ ತಲೆ ಸವರಿ "ಹ್ಞೂಂ, ಹೇಳೇ ಹೋಗ್ತೀನಿ" ಎಂದಳು. ಆಮೇಲೆ ಅವನು ಜಡೆ ಬಿಟ್ಟ. ಆಟ ಮುಂದುವರಿಯಿತು. ಸಂಜೆ ಅಜ್ಜಿ ಬಂದಾಗ ಅವರನ್ನು ಬದಿಗೆ ಕರೆದು, ಮುಂದಿನ ಸಲ ಮಗಳು ಊರಿಗೆ ಬಂದು ಹೊರಡುವಾಗ ಹುಡುಗನನ್ನು ಎಬ್ಬಿಸಿ ಹೇಳಿ ಹೋಗಲಿ ಎಂದಷ್ಟೇ ತಿಳಿಸಿದೆ.

ಕೊನೆಯಲ್ಲಿ ಹುಲಿ ಪ್ರಾಣ ಬಿಡುವ ಭಾಗ ಬಂದಾಗ ಕೆಲವು ಮಕ್ಕಳು ಸಾಯಲು ಒಪ್ಪುವುದಿಲ್ಲ. "ಹುಲಿಗೂ ಹಸಿವಿತ್ತಲ್ಲ ಮಿಸ್, ಅದರದ್ದೇನು ತಪ್ಪು?" ಎನ್ನುತ್ತಾರೆ. ಹಾಡಿಗೆ ನಿಷ್ಠರಾಗಿರಬೇಕು ಎಂದು ಹಟ ಹಿಡಿಯಬೇಡಿ. ತಪ್ಪು ಮಾಡಲು ಹೊರಟವನಿಗೆ ನಾಚಿಕೆಯಾದಾಗ ಸಾಯದೆ ಇನ್ನೇನು ಮಾಡಬಹುದು ಎಂದು ಅವರೇ ಹುಡುಕಲಿ. ಏಳು ವರ್ಷದ ಮಗು ಇದನ್ನು ಯೋಚಿಸುವುದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಸೋಲು ಕಲಿಸುವ ಚೌಕಾಬಾರ

ಸಿಟ್ಟಿನ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ, ಸಿಟ್ಟು ಬರಿಸಬೇಕು. ಅದಕ್ಕೆ ಚೌಕಾಬಾರಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸೀಮೆಸುಣ್ಣದಲ್ಲಿ ಐದು ಬೈ ಐದರ ಮನೆ ಬರೆದು, ನಾಲ್ಕು ಕವಡೆ ಅಥವಾ ಅರ್ಧ ಉಜ್ಜಿದ ಹುಣಸೆಬೀಜ ಇಟ್ಟುಕೊಂಡರೆ ಆಯಿತು. ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ ಇರುವಾಗ ಯಾರೋ ಹೊಡೆದರೆ ಮತ್ತೆ ಮೊದಲಿಂದ ಶುರು. ಒಳಸುತ್ತಿಗೆ ಹೋಗಬೇಕಾದರೆ ನೀನೂ ಒಬ್ಬರ ಕಾಯಿ ಹೊಡೆದಿರಲೇಬೇಕು. ಅಂದರೆ ನೋಯದೆ, ನೋಯಿಸದೆ ಈ ಆಟ ಮುಗಿಯುವುದಿಲ್ಲ.

ನಾನು ಸೇರಿಸಿದ ನಿಯಮ ಒಂದೇ: ಕಾಯಿ ಹೊಡೆಸಿಕೊಂಡವರಿಗೆ ಒಂದು ಮಾತು ಆಡುವ ಹಕ್ಕಿದೆ, ಆಗ ಯಾರೂ ನಗಬಾರದು. "ನಂಗೆ ಬೋರ್ಡ್ ಅಳಿಸಿಬಿಡೋಣ ಅನ್ನಿಸ್ತಿದೆ." "ನೀನು ಬೇಕಂತಲೇ ನನ್ನನ್ನೇ ಹೊಡೀತೀಯ." ಹೇಳಿದ ಮೇಲೆ ಆಟ ಮುಂದಕ್ಕೆ. ದೊಡ್ಡವರು ಆಡುವಾಗ ಬೇಕೆಂದೇ ಸೋಲಬೇಡಿ. ಮಕ್ಕಳಿಗೆ ಅದು ತಿಳಿಯುತ್ತದೆ. ನಿಮ್ಮ ಕಾಯಿ ಹೋದಾಗ ನೀವೂ ಆ ಒಂದು ಮಾತು ಆಡಿ: "ಅಯ್ಯೋ, ಹಣ್ಣಾಗೋದ್ರಲ್ಲಿತ್ತು! ಹೊಟ್ಟೆ ಉರೀತಾ ಇದೆ. ತಡಿ, ಒಂದು ಗುಟುಕು ನೀರು ಕುಡಿದು ಬರ್ತೀನಿ." ಸಿಟ್ಟು ಬಂದವರು ನೀರು ಕುಡಿದು ವಾಪಸ್ ಬರುತ್ತಾರೆ ಎನ್ನುವುದನ್ನು ಮಗು ಕಣ್ಣಾರೆ ನೋಡಿದರೆ ಸಾಕು. ಮಗು ಕವಡೆ ಬಿಸಾಡಿ ಎದ್ದು ಹೋದರೆ ಹಿಂದೆ ಹೋಗಿ ಕರೆಯಬೇಡಿ, ಅದರ ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಆಟ ನಿಲ್ಲಿಸಿಕೊಂಡು ಕೂತಿರಿ. ಹೆಚ್ಚಿನವರು ತಾವಾಗಿ ಬರುತ್ತಾರೆ.

ಇನ್ನೂ ಚಿಕ್ಕ ಮಕ್ಕಳಿದ್ದರೆ, ಮೂರರಿಂದ ಐದರ ಪ್ರಾಯ, ಒಂದು ಗೊಂಬೆಯಾಟ ಇದೆ. ಮನಶ್ಶಾಸ್ತ್ರದವರು 1980ರ ದಶಕದಲ್ಲಿ ಪ್ರಯೋಗವಾಗಿ ಮಾಡಿದ್ದು ಇದನ್ನೇ. ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ. ಮೊದಲ ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಎರಡನೆಯದು ಅದನ್ನು ಡಬ್ಬಿಗೆ ಹಾಕುತ್ತದೆ. ಮೊದಲನೆಯದು ಬಂದು ಎಲ್ಲಿ ಹುಡುಕುತ್ತದೆ? ಮೂರು ವರ್ಷದ ಮಗು ಸಾಮಾನ್ಯವಾಗಿ ಡಬ್ಬಿ ತೋರಿಸುತ್ತದೆ, ಏಕೆಂದರೆ ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂದು ಅದರ ಲೆಕ್ಕ. ನಾಲ್ಕು ದಾಟಿದ ಮೇಲೆ ಬುಟ್ಟಿ ತೋರಿಸತೊಡಗುತ್ತದೆ. ತಪ್ಪು ಉತ್ತರಕ್ಕೆ ತಿದ್ದಬೇಡಿ. ಗೊಂಬೆ ಬುಟ್ಟಿಯಲ್ಲಿ ಹುಡುಕಿ ಪೆಚ್ಚಾಗುವುದನ್ನು ಆಡಿ ತೋರಿಸಿ, ಆಮೇಲೆ ಅದನ್ನು ಸಮಾಧಾನ ಮಾಡುವ ಕೆಲಸ ಮಗುವಿಗೆ ಕೊಡಿ. ಇನ್ನೊಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ಈ ತಿಳಿವಳಿಕೆ ಬಾರದೆ ಸಿನಿಮಾದ ದುಃಖವೂ ಪೂರ್ತಿ ಅರ್ಥವಾಗುವುದಿಲ್ಲ.

ಸಿನಿಮಾ ತೋರಿಸುವ ಕ್ರಮ

ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ವಯಸ್ಸಿಗೆ ಗೊಂಬೆ ಸಾಕು. ಐದಾರು ವರ್ಷದ ಮೇಲೆ ಶುರು ಮಾಡಿ. ಮೊದಲು ನೀವೊಬ್ಬರೇ ಪೂರ್ತಿ ನೋಡಿ. ಮಕ್ಕಳ ಜೊತೆ ನೋಡುವಾಗ ಮೊದಲ ಸಲ ಎಲ್ಲೂ ನಿಲ್ಲಿಸಬೇಡಿ, ಏನೂ ಕೇಳಬೇಡಿ. ಕಣ್ಣು ಅರ್ಧ ಪರದೆಯ ಮೇಲೆ, ಅರ್ಧ ಮಕ್ಕಳ ಮೇಲೆ ಇರಲಿ. ಯಾರು ಯಾವಾಗ ಮಂಡಿ ಅಪ್ಪಿಕೊಂಡರು, ಯಾರು ನೀರಿನ ನೆಪದಲ್ಲಿ ಎದ್ದು ಹೋದರು ನೋಡಿಟ್ಟುಕೊಳ್ಳಿ. ಎರಡು ಮೂರು ದಿನ ಬಿಟ್ಟು ಆ ಒಂದು ದೃಶ್ಯವನ್ನು ಮಾತ್ರ, ಐದು ನಿಮಿಷಕ್ಕೆ ಮೀರದಂತೆ, ಸದ್ದು ತೆಗೆದು ತೋರಿಸಿ. ಸಂಗೀತ ಇದ್ದರೆ ಅಳಬೇಕೋ ನಗಬೇಕೋ ಎಂದು ಅದೇ ಹೇಳಿಬಿಡುತ್ತದೆ. ಸದ್ದಿಲ್ಲದಿದ್ದರೆ ಮಕ್ಕಳು ಕೈ, ಹೆಗಲು, ಕಣ್ಣು ನೋಡುತ್ತಾರೆ. "ಅವನ ಕೈ ಏನು ಮಾಡ್ತಿದೆ?" ಎಂಬುದು ಮೊದಲ ಪ್ರಶ್ನೆ. "ಅವನಿಗೆ ಏನನ್ನಿಸ್ತಿದೆ?" ಎಂಬುದು ಆಮೇಲೆ.

ಹೆದರಿಕೆಗೆ ನಾನು ತೋರಿಸುವುದು ಶಂಕರನಾಗ್ ದೂರದರ್ಶನಕ್ಕೆ ಮಾಡಿದ ಮಾಲ್ಗುಡಿ ಡೇಸ್‌ನ ಸ್ವಾಮಿಯ ಒಂದು ಕಂತು. ಅದರ ಚಿತ್ರೀಕರಣ ನಡೆದದ್ದು ನಮ್ಮದೇ ತಾಲೂಕಿನ ಆಗುಂಬೆಯಲ್ಲಿ. ಆ ಜಗಲಿ, ಆ ಕಂಬ ಕಂಡು ಮಕ್ಕಳು ಮೊದಲೇ ಅರ್ಧ ಒಳಗೆ ಹೋಗಿರುತ್ತಾರೆ. ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿ ಓದಿದ ಅಪ್ಪ, ಧೈರ್ಯ ಇದ್ದರೆ ಸಾಕು ಎಂದು ಹೇಳಿ, ಅಜ್ಜಿಯ ಪಕ್ಕ ಮಲಗುವ ಸ್ವಾಮಿಯನ್ನು ಆ ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾನೆ. ಕತ್ತಲಲ್ಲಿ ಬಂದದ್ದು ದೆವ್ವ ಎಂದುಕೊಂಡು ಹೆದರಿಕೆಯಲ್ಲೇ ಅವನು ಕಚ್ಚಿ ಹಿಡಿದದ್ದು ಕಳ್ಳನ ಕಾಲು. ಊರೆಲ್ಲ ಹೊಗಳುತ್ತದೆ. "ಸ್ವಾಮಿಗೆ ಧೈರ್ಯ ಇತ್ತಾ?" ಎಂದು ಕೇಳಿ ಸುಮ್ಮನಾಗಿ. ಇತ್ತು ಎನ್ನುವವರೂ ಇಲ್ಲ ಎನ್ನುವವರೂ ವಾದ ಮಾಡಲಿ, ತೀರ್ಪು ಕೊಡಬೇಡಿ. ಆಮೇಲೆ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಅವರವರ ಮನೆಯ ನಕ್ಷೆ ಬರೆಯಲು ಹೇಳಿ. ಅದರೊಳಗೆ ಸ್ವಾಮಿ ಬಂದು ಉಳಿದರೆ ರಾತ್ರಿ ಅವನಿಗೆ ಎಲ್ಲಿ ಹೆದರಿಕೆ ಆಗಬಹುದು, ಅಲ್ಲಿ ಗುರುತು ಹಾಕಲಿ. ಬಚ್ಚಲಿಗೆ ಹೋಗುವ ದಾರಿ, ಅಟ್ಟದ ಏಣಿ, ಕೊಟ್ಟಿಗೆಯ ಹಿಂದಿನ ಹಲಸಿನ ಮರ, ಎಲ್ಲ ಬರುತ್ತವೆ. ಸ್ವಾಮಿಗೆ ಏನು ಮಾಡಿದರೆ ಅನುಕೂಲ ಎಂದೂ ಅವರೇ ಹೇಳುತ್ತಾರೆ. ಬಚ್ಚಲ ದಾರಿಗೆ ಒಂದು ಬಲ್ಬು ಹಾಕಿಸಿದರೆ ಮುಗಿಯುವ ಹೆದರಿಕೆಗಳೂ ಇರುತ್ತವೆ.

ಎಂಟು ವರ್ಷದ ಆಚೀಚಿನ ಮಕ್ಕಳಿಗೆ, ನನ್ನ ಮಟ್ಟಿಗೆ, ಇರಾನಿನ ಮಜಿದ್ ಮಜಿದಿ 1997ರಲ್ಲಿ ಮಾಡಿದ ಚಿಲ್ಡ್ರನ್ ಆಫ್ ಹೆವನ್‌ಗೆ ಸಮನಾದ ಸಿನಿಮಾ ಇಲ್ಲ. ಭಾಷೆ ಪರ್ಷಿಯನ್, ನಾನು ಪಕ್ಕದಲ್ಲಿ ಕೂತು ಅಗತ್ಯವಿದ್ದಷ್ಟು ಕನ್ನಡದಲ್ಲಿ ಹೇಳುತ್ತೇನೆ, ಅದು ಯಾರಿಗೂ ತೊಡಕಾಗಿಲ್ಲ. ಹೊಲಿಸಿ ತಂದ ತಂಗಿ ಜಹ್ರಾಳ ಶೂಗಳನ್ನು ಅಲಿ ಕಳೆದುಬಿಡುತ್ತಾನೆ. ಹೊಸದು ಕೊಡಿಸಲು ಅಪ್ಪನ ಬಳಿ ಹಣವಿಲ್ಲವೆಂದು ಇಬ್ಬರಿಗೂ ಗೊತ್ತು. ಅಪ್ಪನಿಗೆ ಕೇಳಿಸಬಾರದೆಂದು ಒಂದೇ ಕೋಣೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಜಗಳವಾಡುತ್ತಾರೆ. ಈ ದೃಶ್ಯವೇ ಒಂದು ಆಟ. ಇಬ್ಬಿಬ್ಬರಿಗೆ ಒಂದು ಸ್ಲೇಟು ಕೊಡಿ. ಮನೆಯವರಿಗೆ ಕೇಳಬಾರದ ವಿಷಯವನ್ನು ಅಲಿ, ಜಹ್ರಾ ಆಗಿ ಬರೆದು ಮಾತಾಡಲಿ, ಬರೆಯಲು ಬಾರದವರು ಚಿತ್ರ ಬರೆಯಲಿ, ಓದಿದ ಕೂಡಲೇ ಅಳಿಸಲಿ. ನೀವು ಇಣುಕಿ ನೋಡಬೇಡಿ. ಅಳಿಸಬಹುದು ಎಂಬ ಧೈರ್ಯದಿಂದಲೇ ಅವರು ಬರೆಯುತ್ತಾರೆ.

ಕೊನೆಯ ಓಟದ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಒಂದು ಜೊತೆ ಶೂ. ಅಲಿಗೆ ಬೇಕಾದದ್ದು ಮೂರನೆಯ ಸ್ಥಾನ. ಅವನು ಮೊದಲನೆಯವನಾಗಿ ಗೆದ್ದುಬಿಡುತ್ತಾನೆ. ಸುತ್ತ ಎಲ್ಲರಿಗೂ ಸಂಭ್ರಮ, ಅವನ ಕಣ್ಣಲ್ಲಿ ನೀರು. ಇಲ್ಲಿ ಕೇಳಬೇಕಾದ ಪ್ರಶ್ನೆ ಗೊಂಬೆಯಾಟದ್ದೇ: "ಅಲ್ಲಿರುವವರಲ್ಲಿ ಅವನು ಯಾಕೆ ಅಳ್ತಿದ್ದಾನೆ ಅಂತ ಯಾರಿಗೆ ಗೊತ್ತು?" ಯಾರಿಗೂ ಗೊತ್ತಿಲ್ಲ, ನೋಡುತ್ತಿರುವ ನಮಗೆ ಮಾತ್ರ. "ನೀವು ಅಲ್ಲಿದ್ದಿದ್ರೆ ಅವನ ಹತ್ತಿರ ಹೋಗಿ ಏನು ಹೇಳ್ತಿದ್ರಿ?" ಮೂರನೇ ತರಗತಿಯ ಒಬ್ಬಳ ಉತ್ತರ ನನಗೆ ಇಷ್ಟ: "ಏನೂ ಹೇಳಲ್ಲ ಮಿಸ್, ಪಕ್ಕದಲ್ಲಿ ನಿಂತ್ಕೊಳ್ತೀನಿ."

ಭಾವನೆಗಳನ್ನೇ ಪಾತ್ರ ಮಾಡಿದ ಇನ್‌ಸೈಡ್ ಔಟ್ ಕೂಡ ಒಳ್ಳೆಯದೇ, ಸ್ವಲ್ಪ ದೊಡ್ಡ ಮಕ್ಕಳಿಗೆ. ಅದರಲ್ಲಿ ನನಗೆ ಬೇಕಾದದ್ದು ಒಂದೇ ದೃಶ್ಯ. ಕಥೆಯ ಹುಡುಗಿ ಚಿಕ್ಕಂದಿನಲ್ಲಿ ಕಲ್ಪಿಸಿಕೊಂಡ ಗೆಳೆಯ ಬಿಂಗ್ ಬಾಂಗ್‌ನ ಗಾಡಿ ಕಸದ ಗುಂಡಿಗೆ ಹೋದಾಗ ಖುಷಿಯ ಪಾತ್ರ ಅವನನ್ನು ನಗಿಸಲು ಏನೇನೋ ಮಾಡುತ್ತದೆ, ಆಗುವುದಿಲ್ಲ; ದುಃಖದ ಪಾತ್ರ ಪಕ್ಕ ಕೂತು ಕೇಳಿಸಿಕೊಳ್ಳುತ್ತದೆ, ಅವನು ಅತ್ತು ಎದ್ದು ನಿಲ್ಲುತ್ತಾನೆ. ಅದನ್ನು ಮಕ್ಕಳಿಗಿಂತ ಮೊದಲು ಅಪ್ಪ ಅಮ್ಮಂದಿರು ನೋಡಬೇಕು. ಆರು ವರ್ಷದವರಿಗೆ ಮಾತೇ ಇಲ್ಲದಂತಿರುವ, ಅರ್ಧ ಗಂಟೆ ಚಿಲ್ಲರೆಯ ಫ್ರೆಂಚ್ ಚಿತ್ರ ದಿ ರೆಡ್ ಬಲೂನ್ ಚೆನ್ನಾಗಿದೆ. ಬಲೂನು ಒಡೆಯುವಾಗ ಕೆಲವರು ಜೋರಾಗಿ ಅಳುತ್ತಾರೆ. ಅಳಲಿ, ಪಕ್ಕದಲ್ಲಿರಿ. "ಬರೀ ಸಿನಿಮಾ ಕಣೋ" ಅಂತಲೂ "ಗಂಡು ಹುಡುಗ ಅಳ್ತಾನಾ" ಅಂತಲೂ ಯಾರೂ ಅನ್ನಬಾರದು. ನಮ್ಮ ಮನೆಗಳಲ್ಲಿ ಈ ಎರಡು ಮಾತು ಮಾಡಿದಷ್ಟು ಹಾನಿಯನ್ನು ಯಾವ ಸಿನಿಮಾವೂ ಮಾಡಿಲ್ಲ. ನಿಮಗೂ ಕಣ್ಣು ತುಂಬಿದರೆ ಒರೆಸಿಕೊಂಡು "ನಂಗೂ ಅಳು ಬಂತು" ಎಂದು ಹೇಳಿ.

ಆಟದಿಂದ ಆಗದ್ದು

ಗೊಂಬೆಯನ್ನು ಒಂದು ದಿನ ಹೊಡೆದು ಬೈದು ಮಲಗಿಸಿದರೆ ಗಾಬರಿಯಾಗಬೇಡಿ, ಮನೆಯಲ್ಲಿ ನೋಡಿದ್ದನ್ನು, ಟಿವಿಯಲ್ಲಿ ಕಂಡದ್ದನ್ನು ಮಕ್ಕಳು ಆಡಿ ನೋಡುತ್ತಾರೆ. ಆದರೆ ಅದೇ ಆಟ ವಾರಗಟ್ಟಲೆ ಬದಲಾಗದೆ ನಡೆದರೆ, ಜೊತೆಗೆ ನಿದ್ದೆ, ಊಟ ಕೆಟ್ಟರೆ, ಚೆನ್ನಾಗಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದರೆ, ಯಾವುದೋ ಒಬ್ಬ ವ್ಯಕ್ತಿಯ ಹೆಸರು ಬಂದಾಗ ಮುದುಡಿದರೆ ಆಟವನ್ನು ಅಲ್ಲಿಗೆ ಬಿಟ್ಟು ತಿಳಿದವರ ನೆರವು ಪಡೆಯಿರಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಅಪಾಯ ಇದೆ ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ, ಟೀಚರಿಗೂ ಮನೆಯವರಿಗೂ. ಆಗ ಗೊಂಬೆ ಹಿಡಿದು ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಮಗು ಹೇಳಿದ್ದನ್ನು ಅದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪು ಏನೂ ಇಲ್ಲ" ಎಂದು ಹೇಳಿ, ಅದೇ ದಿನ ಫೋನ್ ಮಾಡಿ.